ಕತ್ತಿನ ಗಂಟಿಗೆ ಯಾವ ಬಿಸಿ

ಒರ್ದುನೆ, ಜನವರಿ 14, 2019

ಪ್ರೀತಿಯ ಅಕ್ಕ ಕದೆರಿನಾ,

ಜೆನೋವಾದ ಆಸ್ಪತ್ರೆಯಲ್ಲಿ ದಿನವಿಡೀ ಊರವರ ಕತ್ತು ನೋಡುವ ನಿನಗೆ ತಂಗಿಯ ಕತ್ತನ್ನೂ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮಗಳು ಪಾಸ್ಕಾ ಹುಟ್ಟಿದ ಮೇಲೆ ಕಾಣಿಸಿಕೊಂಡ ಥೈರಾಯ್ಡ್ ಗಂಟು ಆಗ ಆಲಿವ್ ಕಾಯಿಯಷ್ಟಿತ್ತು. ಮೊನ್ನೆ ಜನವರಿ ಆರರ ಮೂವರು ರಾಜರ ಹಬ್ಬದ ದಿನ ಇದ್ದಕ್ಕಿದ್ದಂತೆ ಕೋಳಿಮೊಟ್ಟೆಯಷ್ಟಾಯಿತು. ಹಿಂದಿನ ವಾರದಿಂದ ಕೆಮ್ಮಿತ್ತು, ಅದರಿಂದಲೇ ಇರಬೇಕು. ಸೂಜಿ ಚುಚ್ಚಿ ಎರಡು ಸಲ ಪರೀಕ್ಷೆ ಮಾಡಿದ್ದಾರೆ. ಎರಡು ಸಲವೂ ಕ್ಯಾನ್ಸರ್ ಅಲ್ಲ ಅಂತಲೇ ಬಂದಿದೆ. ಹೊಸ ಸ್ಕ್ಯಾನಿನ ಚಿತ್ರ ಇದರೊಂದಿಗಿದೆ, ನೋಡು.

ಕುಯ್ಯಿಸಿಕೊಂಡು ಜೀವಮಾನವಿಡೀ ಮಾತ್ರೆ ನುಂಗುವುದು ನನಗೆ ಬೇಡ. ಕುಯ್ಯದೆ, ಸೂಜಿಯಲ್ಲಿ ಬಿಸಿ ಕೊಟ್ಟು ಗಂಟನ್ನು ಒಳಗೇ ಸುಡುವ ವಿಧಾನಗಳಿವೆಯಲ್ಲ, ಅವುಗಳಲ್ಲಿ ಯಾವುದು ಒಳ್ಳೆಯದು? ಲೇಸರ್, ರೇಡಿಯೊ ತರಂಗ, ಮೈಕ್ರೋವೇವ್, ಮೂರರ ಹೆಸರೂ ಓದಿದ್ದೇನೆ. ಜೀವಶಾಸ್ತ್ರದ ಪದವಿ ಇನ್ನೂ ಪೂರ್ತಿ ತುಕ್ಕು ಹಿಡಿದಿಲ್ಲ. ಆದರೆ ನಿದ್ದೆಯಿಲ್ಲದ ತಲೆಗೆ ಒಂದು ಸಾಲು ಹತ್ತಿದರೆ ಹಿಂದಿನದು ಇಳಿದುಹೋಗುತ್ತದೆ. ಪಾಸ್ಕಾ ಮಲಗುವುದೇ ಇಲ್ಲ. ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ನಾನು ಮಲಗುವುದಿಲ್ಲ.

ಫೋನ್ ಗಂಡ ಬಾಕೀಸನ ಹತ್ತಿರ ಇರುತ್ತದೆ, ಆದ್ದರಿಂದ ಕಾಗದವೇ ಬರೆ. ನಿನ್ನ ಕಾಗದ ಬಂದರೆ ಊಟದ ಮೇಜಿನಲ್ಲಿ ಅವನೇ ಗಟ್ಟಿಯಾಗಿ ಓದುತ್ತಾನೆ, ಅತ್ತೆ ಜುವಾನ್ನಾ ಕೇಳುತ್ತಾರೆ. ಇದನ್ನೂ ಅಂಚೆಗೆ ಹಾಕುವ ಮೊದಲು ಓದುತ್ತಾನೆ. ನನ್ನ ಅಕ್ಷರ ಚೆಂದವಂತೆ.

ನಿನ್ನ
ಬೊನಾರಿಯಾ

*

ಜೆನೋವಾ, ಜನವರಿ 25, 2019

ಬೊನಾರಿಯಾ,

ಚಿತ್ರ ನೋಡಿದೆ. ಗಂಟಿನೊಳಗೆ ರಕ್ತ ತುಂಬಿದೆ. ಕೆಮ್ಮಿನಿಂದ ಹಾಗಾಗುವುದುಂಟು.

ನಿನ್ನ ಪ್ರಶ್ನೆಗೆ ಉತ್ತರ. ರೇಡಿಯೊ ತರಂಗದ ಸೂಜಿ ಚಿಕ್ಕ, ಗಟ್ಟಿ ಗಂಟುಗಳಿಗೆ ಮಾತ್ರ. ನಿನ್ನಂಥ ಒಳಗೆ ದ್ರವವಿರುವ ಗಂಟಿಗೆ ಆಗುವುದಿಲ್ಲ. ಮೈಕ್ರೋವೇವ್ ವಿಪರೀತ ಬಿಸಿ, ಅದರ ಮಾತು ಬಿಡು. ನಿನಗೆ ಲೇಸರೇ ಆಗಬೇಕು. ಅದನ್ನು ನಿಮ್ಮ ದ್ವೀಪದಲ್ಲಿ ಯಾರೂ ಮಾಡುವುದಿಲ್ಲ, ಇಲ್ಲಿಗೇ ಬರಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಲವು ಸಲ ಕೊಡಬೇಕು. ಒಂದು ತಿಂಗಳಾದರೂ ನನ್ನ ಮನೆಯಲ್ಲಿರಲು ಸಿದ್ಧಳಾಗಿ ಬಾ. ಹಾಲು ಕುಡಿಯುವ ಮಗುವನ್ನು ತಾಯಿಯಿಂದ ಬೇರೆ ಮಾಡುವುದು ನಮ್ಮ ವಿಭಾಗದಲ್ಲಿ ಒಪ್ಪುವುದಿಲ್ಲ, ಪಾಸ್ಕಾಳನ್ನು ಕರೆತರಲೇಬೇಕು. ಬಾಕೀಸನಿಗೆ ಕುರಿಗಳನ್ನು ಬಿಟ್ಟು ಬರಲಾಗುವುದಿಲ್ಲ ಅಂತ ಗೊತ್ತು, ಅವನಿಗೆ ತೊಂದರೆ ಬೇಡ.

ತಡ ಮಾಡುವುದು ಸರಿಯಲ್ಲ. ಫೆಬ್ರುವರಿಯಲ್ಲಿ ಜಾಗ ಹಿಡಿದಿಟ್ಟಿದ್ದೇನೆ.

ಕದೆರಿನಾ

*

ಒರ್ದುನೆ, ಫೆಬ್ರುವರಿ 6, 2019

ಅಕ್ಕ,

ನಿನ್ನ ಕಾಗದ ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ. ನಾನು ಹಳ್ಳಿಗೆ ಮದುವೆಯಾಗಿ ಬಂದಿದ್ದೇನೆಯೇ ಹೊರತು ಓದಿದ್ದನ್ನು ಮರೆತಿಲ್ಲ. ಲೇಸರಿನಲ್ಲಿ ಕೂದಲಿನಂಥ ಎಳೆಗಳನ್ನು ಗಂಟಿನೊಳಗೆ ಒಂದು ಕಡೆ ನಿಲ್ಲಿಸಿ ಸುಡುತ್ತಾರೆ. ರೇಡಿಯೊ ತರಂಗದಲ್ಲಿ ಸೂಜಿಯ ತುದಿಯನ್ನು ಸರಿಸುತ್ತಾ ಸರಿಸುತ್ತಾ ಅಂಚಿನವರೆಗೂ ಸುಡುತ್ತಾರೆ, ದೊಡ್ಡ ಗಂಟಿಗೂ ಆಗುತ್ತದೆ. ದ್ರವವಿದ್ದರೆ ಮೊದಲು ಹೀರಿ ತೆಗೆಯುತ್ತಾರೆ, ಅಷ್ಟೇ. ಎರಡರಲ್ಲೂ ಸಂಜೆಗೆ ಮನೆಗೆ ಕಳಿಸುತ್ತಾರೆ. ತಿಂಗಳು ಎಲ್ಲಿಂದ ಬಂತು? ರೇಡಿಯೊ ತರಂಗದ್ದು ನಮ್ಮ ದ್ವೀಪದ ಕಾಲ್ಯಾರಿಯಲ್ಲೇ ಇದೆ, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಇದು ನಿನಗೆ ಗೊತ್ತಿಲ್ಲದ್ದಲ್ಲ. ಮತ್ತೆ ಯಾಕೆ ಹೀಗೆ ಬರೆದೆ? ನಿಮ್ಮ ಆಸ್ಪತ್ರೆಗೆ ಕತ್ತುಗಳು ಸಾಲದೇ?

ಬಾಕೀಸ್ ನಿನ್ನ ಕಾಗದವನ್ನು ಎರಡು ಸಲ ಓದಿದ. ನಿನ್ನಕ್ಕಂಗೆ ಮನೆ ಕೆಲಸಕ್ಕೆ ಆಳು ಬೇಕಾಗಿರ್ಬೇಕು ಅಂದ. ನಾನು ಇದೆಲ್ಲ ಸರಿಯಿಲ್ಲ ಅಂತ ಒಂದೊಂದಾಗಿ ತೋರಿಸಿದಾಗ ಅತ್ತೆಯ ಕಡೆ ತಿರುಗಿ, "ನೋಡಮ್ಮಾ, ನಮ್ಮನೇಲಿ ಡಾಕ್ಟ್ರನ್ನ ತಿದ್ದೋ ಡಾಕ್ಟ್ರು ಇದಾಳೆ" ಅಂತ ನಕ್ಕ. ಬಹಳ ದಿನದ ಮೇಲೆ ನನ್ನನ್ನು ಹೊಗಳಿದ್ದು.

ಜೆನೋವಾ ಬೇಡ ಅಂತ ತೀರ್ಮಾನವಾಗಿದೆ. ಉಣ್ಣೆ ಕತ್ತರಿಸುವ ಕೆಲಸ ಮುಗಿಯಲಿ, ಕಾಲ್ಯಾರಿಗೆ ಅವನೇ ಕರೆದೊಯ್ಯುತ್ತಾನಂತೆ.

ಬೊನಾರಿಯಾ

*

ಜೆನೋವಾ, ಫೆಬ್ರುವರಿ 18, 2019

ಬೊನಾರಿಯಾ,

ನೀನು ಹೇಳಿದ್ದು ಸರಿ. ಕೆಲಸದ ಗಡಿಬಿಡಿಯಲ್ಲಿ ಬೇರೆ ರೋಗಿಯ ಚಿತ್ರದೊಂದಿಗೆ ಗೊಂದಲವಾಯಿತು. ಕಾಲ್ಯಾರಿ ಆಗಬಹುದು. ಬಾಕೀಸನಿಗೆ ನನ್ನ ನಮಸ್ಕಾರ ಹೇಳು.

ಒಂದು ಆಸೆಯಿದೆ. ಇಲ್ಲಿ ಅಂಗಡಿಯ ಕರಸಾವು ರೊಟ್ಟಿ ತಿಂದು ನಾಲಿಗೆ ಸತ್ತುಹೋಗಿದೆ. ನಿಮ್ಮೂರಿನ ಹಿರಿಯಮ್ಮ ತ್ಸಿಯಾ ಲುಕೀಯಾಳ ಒಲೆಯ ಕಟಕಲು ರೊಟ್ಟಿ ಒಂದು ಕಟ್ಟು ಕಳಿಸು. ಆದರೆ ಹೆಂಗಸರ ಜೊತೆ ನೀನೇ ಒಲೆಯ ಮುಂದೆ ನಿಂತು ಬೇಯಿಸಬೇಕು, ನೀನೇ ಅಲ್ಲೇ ಕಟ್ಟಬೇಕು, ಅಲ್ಲಿಂದಲೇ ಅಂಚೆಗೆ ಹೋಗಬೇಕು. ಮನೆಗೆ ತಂದು ಬಿಚ್ಚಿ ಕಟ್ಟಿದರೆ ಪುಡಿಯಾಗುತ್ತದೆ, ನಿನಗೇ ಗೊತ್ತು.

ಕದೆರಿನಾ

*

ಒರ್ದುನೆ, ಮಾರ್ಚ್ 9, 2019

ಅಕ್ಕ,

ಇದು ರೊಟ್ಟಿಯ ನಡುವೆ ಬರುತ್ತಿದೆ. ಇದನ್ನು ಅವನು ಓದಿಲ್ಲ. ಈ ವರ್ಷ ನಾನು ಬರೆದದ್ದರಲ್ಲಿ ಅವನು ಓದದಿರುವುದು ಇದೊಂದೇ.

ತ್ಸಿಯಾ ಲುಕೀಯಾಳ ಹಿತ್ತಲ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪಾಸ್ಕಾ ಮನೆಯಲ್ಲಿ ಅತ್ತೆಯ ತೊಡೆಯ ಮೇಲಿದ್ದಾಳೆ. ನಾನೊಬ್ಬಳೇ ಬಾಗಿಲು ದಾಟುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮಗುವಿನ ಜೊತೆ ದಾಟಲಾರೆ. ಅದಕ್ಕೇ ನನ್ನನ್ನು ಎಲ್ಲಿಗೆ ಬೇಕಾದರೂ ಧಾರಾಳವಾಗಿ ಕಳಿಸುತ್ತಾರೆ.

ಬೆಳಿಗ್ಗೆಯಿಂದ ಒಲೆ ಉರಿಯುತ್ತಿತ್ತು. ಲಟ್ಟಿಸುವವರು ಲಟ್ಟಿಸುತ್ತಿದ್ದರು, ನಾನು ಉಬ್ಬಿ ಬಂದ ರೊಟ್ಟಿಯ ಅಂಚಿಗೆ ಚಾಕು ಹಾಕಿ ಎರಡು ಪದರ ಬಿಡಿಸುತ್ತಿದ್ದೆ. ಆ ಝಳದಲ್ಲಿ ಎಲ್ಲರೂ ಕತ್ತಿನ ಬಟ್ಟೆ ಬಿಚ್ಚಿ ಸೊಂಟಕ್ಕೆ ಕಟ್ಟಿದ್ದರು. ನಾನು ಬಿಚ್ಚಿರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ತ್ಸಿಯಾ ಲುಕೀಯಾ ಒಲೆಯಿಂದ ಮುಖ ತಿರುಗಿಸದೆ, ಮೊರದಂಥ ಹುಟ್ಟನ್ನು ಆಡಿಸುತ್ತಲೇ ಹೇಳಿದಳು:

"ಒಲೆ ಮುಂದೆ ಕತ್ತು ಮುಚ್ಕೊಂಡು ನಿಂತೋರನ್ನ ನಾನು ಇಬ್ಬರನ್ನ ನೋಡಿದೀನಿ, ಮಗಳೇ. ಒಬ್ಬಳು ಸತ್ತಳು. ಇನ್ನೊಬ್ಬಳು ನಾನು."

ನಾನು ಬಿಚ್ಚಿದೆ. ಹಿಂದಿನ ದಿನದ ಬೆರಳುಗಳು ಇನ್ನೂ ನೀಲಿಯಾಗಿ ಇದ್ದವು, ಎಡಕ್ಕೆ ನಾಲ್ಕು, ಬಲಕ್ಕೆ ಹೆಬ್ಬೆರಳು. ಬಾಕೀಸಂಗೆ ಕುರಿ ಯಾವ್ದು ಹೆಂಡ್ತಿ ಯಾವ್ದು ಅಂತ ಗೊತ್ತಾಗಲ್ವೇನೋ ಅಂತ ಒಬ್ಬಳು ಗೊಣಗಿದಳು. ಕುರಿಗಾದ್ರೆ ಇಷ್ಟು ಒತ್ತಲ್ಲ, ಹಾಲು ಬತ್ತೋಗತ್ತೆ ಅಂತ ಇನ್ನೊಬ್ಬಳು. ಯಾರೋ ನಕ್ಕರು ಕೂಡ. ನಾನೂ ನಕ್ಕೆ ಅನಿಸುತ್ತದೆ. ಆಮೇಲೆ ರೊಟ್ಟಿ ಸೀಯುತ್ತದೆಂದು ಎಲ್ಲರೂ ಕೆಲಸಕ್ಕೆ ಮರಳಿದರು.

ಕೆಮ್ಮು ಇರಲಿಲ್ಲ ಅಕ್ಕ. ಮೂವರು ರಾಜರ ಹಬ್ಬದ ಸಂಜೆ ಪಾಸ್ಕಾ ಒಂದೇ ಸಮ ಅಳುತ್ತಿದ್ದಳು. ಬಾಯಿ ಮುಚ್ಚಿಸು ಅಂದ. ಹಲ್ಲು ಬರ್ತಿದೆ, ನಾನೇನು ಮಾಡಲಿ ಅಂದೆ. ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿದ. ಕಾಲು ನೆಲ ಬಿಟ್ಟಿತು. ಮಗು ಸುಮ್ಮನಾಗಲಿಲ್ಲ. ನಾನು ಆದೆ. ಎಚ್ಚರವಾದಾಗ ಅವನೇ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಕತ್ತಿಗೆ ಇಟ್ಟುಕೊಂಡು ಕೂತಿದ್ದ. ಗಂಟು ಅಂಗೈಯೊಳಗೆ ಬೆಳೆಯುವುದು ಅವನಿಗೇ ಮೊದಲು ತಿಳಿದದ್ದು. ಕೆಮ್ಮು ಅಂತ ಹೇಳು ಅಂದ. ನಾನು ಹೇಳಿದೆ, ನಿನಗೂ ಬರೆದೆ.

ನಿನ್ನ ಜನವರಿಯ ಕಾಗದ ಓದಿದ ಮೇಲೆ ದೊಡ್ಡಿಯಿಂದ ಒಂದು ಕಬ್ಬಿಣ ತಂದ. ಕುರಿಯ ಬಾವು ಸುಡುವ ಸರಳು. ಒಲೆಯಲ್ಲಿಟ್ಟು ಕೆಂಪಗಾಗಿಸಿ ನನ್ನ ಗಂಟಿನ ಹತ್ತಿರ ತಂದ. ಪಾಸ್ಕಾ ನನ್ನ ತೊಡೆಯ ಮೇಲಿದ್ದಳು. "ನಿನ್ನಕ್ಕನ ಆಸ್ಪತ್ರೆ ಮಾಡೋ ಕೆಲಸಾನೇ ಇದು. ನಾನು ಮನೇಲೇ ಮಾಡ್ತೀನಿ, ಹಡಗು ಹತ್ತೋದು ಬೇಡ" ಅಂದ. ಕತ್ತಿನ ರೋಮ ಸುಟ್ಟ ವಾಸನೆ ನನಗೆ ಬಂತು. ಅತ್ತೆ ಚಮಚ ಕೆಳಗಿಡದೆ, ಸಾಕು ಬಾಕೀಸ್, ಸಾರು ಆರೋಗ್ತಿದೆ ಅಂದರು. ಅವನು ಸರಳನ್ನು ನೀರಿಗದ್ದಿ ಊಟಕ್ಕೆ ಕೂತ.

ಅದರ ಮಾರನೆಯ ವಾರ ನಾನು ನಿನ್ನನ್ನು ತಿದ್ದಿ ಬರೆದೆ. ಈಗ ರೊಟ್ಟಿ ಕಟ್ಟುವಾಗ, ಮನೆಗೆ ತಂದು ಬಿಚ್ಚಬೇಡ ಅಂತ ನೀನು ಬರೆದದ್ದು ನೆನಪಾಗಿ ಕೈ ನಿಂತುಹೋಯಿತು. ರೇಡಿಯೊ ತರಂಗ ಆಗುವುದಿಲ್ಲ, ದ್ವೀಪದಲ್ಲಿ ಯಾರೂ ಮಾಡುವುದಿಲ್ಲ, ಒಂದು ತಿಂಗಳು ಬೇಕು, ಮಗುವೂ ಬೇಕು: ನೀನು ಬರೆದದ್ದು ನನಗಲ್ಲ, ಅವನಿಗೆ. ನನಗೂ ಪಾಸ್ಕಾಳಿಗೂ ಬಾಗಿಲು ತೆರೆಯುವಂಥ ಸುಳ್ಳು. ನಾನು ಮೇಷ್ಟ್ರ ಹಾಗೆ ಅದರ ಒಂದೊಂದು ತಪ್ಪನ್ನೂ ಹುಡುಕಿ, ಅವನ ಕಣ್ಣೆದುರೇ ಬಾಗಿಲು ಹಾಕಿದೆ. ಅವನು ಹೊಗಳಿದ ಅಂತ ಹಿಗ್ಗಿದೆ.

ಮಗುವಿನ ಜೊತೆ ಹೊರಡಲು ಸಾಧ್ಯವಾಗುವುದು ಒಂದೇ ಒಂದು ದಿನ. ಮೇ ಕೊನೆಯಲ್ಲಿ ಉಣ್ಣೆ ಕತ್ತರಿಸುವ ದಿನ ಊರಿನ ಗಂಡಸರೆಲ್ಲ ನಮ್ಮ ದೊಡ್ಡಿಗೆ ಕೈಜೋಡಿಸಲು ಬರುತ್ತಾರೆ, ಅತ್ತೆ ಅವರ ಅಡುಗೆಗೆ ಹೋಗುತ್ತಾರೆ. ಆ ದಿನ ಪಾಸ್ಕಾ ನನ್ನ ಹತ್ತಿರ ಇರುತ್ತಾಳೆ.

ಉತ್ತರವನ್ನು ತ್ಸಿಯಾ ಲುಕೀಯಾಳ ವಿಳಾಸಕ್ಕೆ ಬರೆ.

ಬೊನಾರಿಯಾ

*

ಜೆನೋವಾ, ಮಾರ್ಚ್ 22, 2019

ನನ್ನ ಬೊನಾರಿಯಾ,

ಚಿತ್ರ ಬಂದ ದಿನವೇ ನನಗೆ ಗೊತ್ತಾಯಿತು. ಗಂಟಿನೊಳಗೆ ಮಾತ್ರವಲ್ಲ, ಕತ್ತಿನ ಎರಡೂ ಬದಿಯ ಸ್ನಾಯುವಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೆಮ್ಮಿಗೆ ಬೆರಳುಗಳಿರುವುದಿಲ್ಲ. ಆ ಹೊತ್ತಿಗೆ ಒಬ್ಬ ಮುದುಕ ಮಂಚದ ಮೇಲೆ ಕಾಯುತ್ತಿದ್ದ, ಅವನ ಕತ್ತಿನ ಮೇಲೆ ಕೈಯಿಡಲು ನನ್ನಿಂದಾಗಲಿಲ್ಲ, ಹೊರಗೆ ಹೋದೆ. ಆಮೇಲೆ ಬಂದು ನಿನಗೆ ಆ ಒಣ ಕಾಗದ ಬರೆದೆ. ಅವನು ನಂಬಿದ್ದ ಕೂಡ, ಅಲ್ಲವೇ? ನೀನು ಇಷ್ಟು ಚೆನ್ನಾಗಿ ಓದಿಕೊಂಡಿರುತ್ತೀಯ ಅನ್ನುವುದೊಂದನ್ನು ಮರೆತೆ.

ಈಗ ನಿಜ ಬರೆಯುತ್ತೇನೆ. ಪಳಗಿದ ಕೈಯಲ್ಲಿ ಲೇಸರ್, ರೇಡಿಯೊ ತರಂಗ ಎರಡೂ ಒಳ್ಳೆಯವೇ. ವರ್ಷದ ಕೊನೆಗೆ ಗಂಟು ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ. ರೇಡಿಯೊ ತರಂಗದಲ್ಲಿ ಸ್ವಲ್ಪ ಜಾಸ್ತಿ. ಲೇಸರಿನ ಸೂಜಿ ತೆಳು, ಆದರೆ ನಿಂತಲ್ಲೇ ಸುಡುವುದರಿಂದ ಅಂಚು ಉಳಿಯಬಹುದು, ಉಳಿದ ಅಂಚು ಮತ್ತೆ ಬೆಳೆಯಬಹುದು. ಮೈಕ್ರೋವೇವ್ ಬೇಗ ಮುಗಿಯುತ್ತದೆ, ಬಹಳ ದೊಡ್ಡ ಗಂಟಿಗೆ ಸರಿ, ಆದರೆ ಸೂಜಿ ದಪ್ಪ, ಬಿಸಿಯನ್ನು ಅಂಚಿನಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ನಿನ್ನ ಗಂಟು ದನಿಯ ನರಕ್ಕೆ ಹತ್ತಿರವಿದೆ. ಹಾಗಾಗಿ ರೇಡಿಯೊ ತರಂಗ. ನೀನು ಫೆಬ್ರುವರಿಯಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು, ಒಂದಕ್ಷರವೂ ತಪ್ಪಿಲ್ಲ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು.

ಆದರೆ ಗಂಟು ನಿನ್ನನ್ನು ಕೊಲ್ಲುವುದಿಲ್ಲ, ಅವನು ಕೊಲ್ಲುತ್ತಾನೆ. ಮೇ ತನಕ ಯಾಕೆ ಕಾಯುತ್ತೀ? ನಾಳೆಯೇ ಪೊಲೀಸರ ಹತ್ತಿರ ಹೋಗು ಅಂತ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದೇನೆ. ಹೋಗು. ಹೋಗಲಾರೆಯಾದರೆ ಆ ದಿನ ಮಧ್ಯಾಹ್ನ ಓಲ್ಬಿಯಾದ ಬಂದರಿನಲ್ಲಿ ನಾನು ನಿಂತಿರುತ್ತೇನೆ. ಮಲಗಿದಾಗ ಉಸಿರು ಕಟ್ಟಿದರೆ, ದನಿ ಒಡೆದರೆ, ಯಾವ ದಿನಕ್ಕೂ ಕಾಯಬೇಡ.

ರೊಟ್ಟಿ ಒಂದೂ ಮುರಿದಿರಲಿಲ್ಲ.

ಕದೆರಿನಾ

*

ಓಲ್ಬಿಯಾ ಬಂದರು, ಮೇ 30, 2019

ಬೊನಾರಿಯಾ,

ಬಸ್ಸು ಬಂತು. ಎಲ್ಲರೂ ಇಳಿದರು. ಡ್ರೈವರನನ್ನು ಕೇಳಿದೆ, ಮಗು ಎತ್ತಿಕೊಂಡ ಹೆಂಗಸು ಯಾರೂ ಹತ್ತಲಿಲ್ಲ ಅಂದ. ಹಡಗು ನಮ್ಮನ್ನು ಬಿಟ್ಟು ಹೋಯಿತು. ಲುಕೀಯಾ ಫೋನ್ ಎತ್ತುತ್ತಿಲ್ಲ.

ನೀನು ಮನಸ್ಸು ಬದಲಾಯಿಸಿದ್ದೀಯಲ್ಲವೇ? ಅವನು ಬೆಳಿಗ್ಗೆ ಏನೋ ಒಂದು ಒಳ್ಳೆಯ ಮಾತಾಡಿರುತ್ತಾನೆ. ನಿನಗೆ ಒಂದು ಹೊಗಳಿಕೆ ಸಾಕು, ಮೊದಲಿನಿಂದಲೂ ಹಾಗೆಯೇ. ಇಲ್ಲಿ ಕೂತು ನಿನ್ನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೇನೆ. ನೀನು ಬರೀ ಹೆದರಿ ಮನೆಯಲ್ಲೇ ಉಳಿದಿದ್ದೀಯ ಅನ್ನುವುದು ನಿಜವಾಗಿರಲಿ. ಅದಕ್ಕಿಂತ ಹೆಚ್ಚಿನದೇನನ್ನೂ ಈಗ ಬೇಡುವುದಿಲ್ಲ.

ನಾಳೆ ಬೆಳಿಗ್ಗೆ ಒರ್ದುನೆಗೆ ಬರುತ್ತೇನೆ.

ಕ.

*

ನುವೊರೊ ಆಸ್ಪತ್ರೆ, ಮೇ 31, 2019

ಅಕ್ಕ,

ತ್ಸಿಯಾ ಲುಕೀಯಾ ನಿನಗೆ ಫೋನ್ ಮಾಡಿ, ಜೀವ ಇದೆ, ಇಬ್ಬರಿಗೂ ಇದೆ ಅಂತಷ್ಟೇ ಹೇಳಿದ್ದಾಳಂತೆ. ಉಳಿದದ್ದು ನಾನು ಬರೆಯುತ್ತೇನೆ. ನೀನು ಬಂದಾಗ ನನ್ನಿಂದ ಹೇಳಲಾಗುವುದಿಲ್ಲ. ದನಿ ಇಲ್ಲ, ಉಸಿರಷ್ಟೇ ಹೊರಗೆ ಬರುತ್ತದೆ. ಇದನ್ನು ಓದಿಯೇ ಒಳಗೆ ಬಾ, ನನ್ನ ಮುಖ ನೋಡಿ ಬಾಗಿಲಲ್ಲಿ ನಿಲ್ಲಬೇಡ.

ನಿನ್ನೆ ಬೆಳಕು ಹರಿಯುವ ಮುಂಚೆ ಅವನೂ ಅತ್ತೆಯೂ ದೊಡ್ಡಿಗೆ ಹೋದರು. ನಾನು ಪಾಸ್ಕಾಳನ್ನು ಶಾಲಿನಲ್ಲಿ ಎದೆಗೆ ಕಟ್ಟಿಕೊಂಡು ಬಸ್ಸಿನ ಹೊತ್ತಿಗೆ ಕಾಯುತ್ತಿದ್ದೆ. ದೊಡ್ಡಿಯಲ್ಲಿ ಕುರಿಗಳನ್ನು ಕೂಡಿಹಾಕಿ, ಮಾಂಸ ಬೆಂಕಿಗಿಟ್ಟು, ವೈನ್ ತೆರೆದು, ಅವನು ಊರವರಿಗೆ ಕಾದ. ಯಾರೂ ಬರಲಿಲ್ಲ. ಒಬ್ಬನೂ ಬರಲಿಲ್ಲ. ಒಲೆಯ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು, ಮಕ್ಕಳನ್ನು ತಡೆದಿದ್ದರು. ಬಾಕೀಸನ ಕುರಿಗೆ ಕತ್ತರಿ ಹಿಡಿದವರಿಗೆ ಮನೆಯಲ್ಲಿ ರೊಟ್ಟಿಯಿಲ್ಲ ಅಂದಿದ್ದರಂತೆ. ನಮ್ಮ ಕಡೆ ಒಬ್ಬ ಕುರಿಗಾರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ನಿನಗೆ ಗೊತ್ತು. ನನಗಾಗಿಯೇ ಮಾಡಿದ್ದು. ಬಸ್ಸಿನ ವಿಷಯ ಲುಕೀಯಾಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಹೆಂಗಸರ ಈ ತೀರ್ಮಾನ ಲುಕೀಯಾಳಿಗೂ ಗೊತ್ತಿರಲಿಲ್ಲ. ಅವರು ನನ್ನ ಪರ ನಿಂತದ್ದರಿಂದಲೇ ಅವನು ಬಸ್ಸಿಗಿಂತ ಮುಂಚೆ ಮನೆಗೆ ಬಂದ.

ಬಾಗಿಲಲ್ಲೇ ಸಿಕ್ಕಿಬಿದ್ದೆ. ಶಾಲು ನೋಡಿದ, ಚೀಲ ನೋಡಿದ. ಕೂಗಲಿಲ್ಲ. ಪಾಸ್ಕಾಳನ್ನು ಬಿಚ್ಚಿ ಮೆಲ್ಲಗೆ ನೆಲದ ಮೇಲೆ ಕೂರಿಸಿದ. ಆಮೇಲೆ ನನ್ನನ್ನು ಕೂದಲು ಹಿಡಿದು ಕೆಡವಿದ. ತುಟಿ ಒಲೆಕಟ್ಟೆಗೆ ಬಡಿದು ಸೀಳಿತು, ಒಂದು ಹಲ್ಲು ಹೋಯಿತು. ಕುರಿ ಕಟ್ಟಲು ಒಯ್ದಿದ್ದ ಹಗ್ಗ ಸೊಂಟದಲ್ಲೇ ಇತ್ತು.

"ಯಾರ್ಯಾರಿಗೆ ಏನು ಹೇಳ್ದೆ?"

ಏನೂ ಹೇಳಿಲ್ಲ ಅಂದೆ. ಅದು ನಿಜ. ನಾನು ಬಟ್ಟೆ ಬಿಚ್ಚಿದ್ದೆ, ಅಷ್ಟೇ.

"ಊರೇ ಉಗೀತು ನನ್ನ ಮುಖಕ್ಕೆ. ಇವತ್ತು ಒಂದಾದ್ರೂ ಕುರಿ ಕತ್ತರಿಸೇ ಮಲಗ್ತೀನಿ ನಾನು."

ಎದೆಯ ಮೇಲೆ ಮಂಡಿಯೂರಿ ಗದ್ದವನ್ನು ಹಿಂದಕ್ಕೆ ತಳ್ಳಿದ. ಗಂಟಿನೊಳಗೆ ಏನೋ ಹರಿದಂತಾಯಿತು, ಗಂಟಲು ಒಳಗಿನಿಂದ ತುಂಬಿಕೊಂಡು ಬಂತು. ಕೂಗಲು ಹೋದರೆ ದನಿಯೇ ಇಲ್ಲ. ಸರಳನ್ನು ಒಲೆಗೆ ತಳ್ಳಿ, ಬಗ್ಗಿ ನನ್ನ ಎರಡು ಕಾಲು, ಒಂದು ಕೈ ಸೇರಿಸಿ ಕಟ್ಟಿದ. ಕುರಿಗೆ ಮೂರು ಕಾಲು ಕಟ್ಟಿ ಒಂದನ್ನು ಬಿಡುತ್ತಾರೆ ಅಕ್ಕ. ಚಿಕ್ಕಂದಿನಿಂದ ಹಾಗೇ ಕಟ್ಟಿದವನು; ಅವನ ಕೈ ತಾನಾಗಿ ಮೂರು ಕಟ್ಟಿತು, ಒಂದು ಬಿಟ್ಟಿತು. ಅವನು ನೋಡಲೂ ಇಲ್ಲ.

ಸರಳು ತಂದು ಬಗ್ಗಿದಾಗ ನಾನು ಬಿಟ್ಟಿದ್ದ ಎಡಗೈಯಲ್ಲಿ ಅದನ್ನು ಹಿಡಿದೆ. ಹಿಡಿಯ ಹತ್ತಿರ ಹಿಡಿಯಬೇಕೆಂದಿದ್ದೆ, ಕೆಂಪಗಿದ್ದಲ್ಲೇ ಹಿಡಿದೆ. ಅಂಗೈ ಅಂಟಿಕೊಂಡಿತು. ನೋವಾಗಲಿಲ್ಲ, ಆಗ ಆಗಲಿಲ್ಲ. ಅವನು ಎಳೆದ, ನಾನು ತಳ್ಳಿದೆ. ಅವನ ಗದ್ದದ ಕೆಳಗೆ, ಕತ್ತಿಗೆ ಹೋಗಿ ಕೂತಿತು. ಒತ್ತಿದೆ. ತೆಗೆಯಬಹುದಿತ್ತು, ತೆಗೆಯಲಿಲ್ಲ. ಅವನು ಕಿರುಚಿದ್ದು ಪಾಸ್ಕಾಳ ಅಳುವಿಗಿಂತ ಜೋರಾಗಿತ್ತು. ಅವನು ಕಿರುಚಿದಷ್ಟು ಹೊತ್ತೂ ಒತ್ತಿದೆ.

ಅತ್ತೆ ದೊಡ್ಡಿಯಿಂದ ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಮಗ ನೆಲದಲ್ಲಿ ಹೊರಳುತ್ತಿದ್ದ. ಅವರು ಉಣ್ಣೆಯ ಕತ್ತರಿ ತೆಗೆದುಕೊಂಡು ನನ್ನ ಕಡೆ ಬಂದರು. ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ಹಗ್ಗ ಕತ್ತರಿಸಿದರು.

"ಬಸ್ಸು ಹೋಗಾಯ್ತು. ಲುಕೀಯಾ ಕಾರಲ್ಲಿ ಹೋಗು" ಅಂದರು. ಬಸ್ಸಿನ ವಿಷಯ ಅವರಿಗೆ ಯಾವಾಗಿನಿಂದ ಗೊತ್ತಿತ್ತೋ ನನಗೆ ತಿಳಿಯದು. ನನ್ನ ಮುಖ ನೋಡಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕತ್ತಿಗೆ ಚೊಂಬಿನಿಂದ ನೀರು ಹೊಯ್ಯುತ್ತಾ ಕೂತರು.

ಇಲ್ಲಿ ಬರುವಷ್ಟರಲ್ಲಿ ಉಸಿರು ಸೀಟಿ ಹೊಡೆಯುತ್ತಿತ್ತು. ಸೂಜಿ ಹಾಕಿ ರಕ್ತ ಹೀರಿ ತೆಗೆದಿದ್ದಾರೆ. ಉಸಿರಿಗೆ ಕೊಳವೆ ಹಾಕುವ ತನಕ ಹೋಗಲಿಲ್ಲ. ದನಿ ಬರಬಹುದು, ಬರದೆಯೂ ಇರಬಹುದು, ಕಾದು ನೋಡಬೇಕಂತೆ. ಪಾಸ್ಕಾಳಿಗೆ ಒಂದು ಗೀರೂ ಆಗಿಲ್ಲ. ಪಕ್ಕದ ಮಂಚದ ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಾಳೆ. ಈ ಮನೆಯಲ್ಲದ ಮನೆಯಲ್ಲಿ ಎಷ್ಟು ಚೆನ್ನಾಗಿ ಮಲಗುತ್ತಾಳೆ ನೋಡು.

ಪೊಲೀಸರು ಬಂದಿದ್ದರು. ಅವನು ಮಾಡಿದ್ದನ್ನೂ ನಾನು ಮಾಡಿದ್ದನ್ನೂ ಬರೆದುಕೊಟ್ಟೆ, ತೆಗೆಯಬಹುದಿತ್ತು ಅನ್ನುವುದನ್ನೂ. ವಕೀಲ ಬರುವವರೆಗೆ ಆ ಸಾಲು ಬೇಡ ಅಂತ ಅವರಲ್ಲೊಬ್ಬ ಹೆಣ್ಣುಮಗಳು ಮೆಲ್ಲಗೆ ಹೇಳಿದಳು. ಅದೂ ಇರಲಿ ಅಂತ ತಲೆಯಾಡಿಸಿದೆ. ಅವನು ಬೇರೆ ಆಸ್ಪತ್ರೆಯಲ್ಲಿದ್ದಾನೆ, ಬಾಗಿಲಲ್ಲಿ ಕಾವಲಿದೆ. ಬದುಕುತ್ತಾನೆ. ಕೇಳಿ ಸಮಾಧಾನವಾಯಿತೋ ಸಂಕಟವಾಯಿತೋ, ನಿದ್ದೆ ಮಾಡಿ ಎದ್ದ ಮೇಲೆ ಹೇಳುತ್ತೇನೆ.

ಊತ ಇಳಿದ ಮೇಲೆ ಗಂಟಿನದ್ದು ಮಾಡಿಸೋಣ. ಕಾಲ್ಯಾರಿ ಬೇಡ, ಜೆನೋವಾದಲ್ಲೇ. ರೇಡಿಯೊ ತರಂಗ. ನೀನು ಮಾಡಬೇಡ, ನೀನು ಹೊರಗೆ ಪಾಸ್ಕಾಳನ್ನು ಎತ್ತಿಕೊಂಡಿರು. ಹೇಗೆ ಮಾಡುತ್ತಾರೆಂದು ಇಲ್ಲಿಯ ಡಾಕ್ಟರು ಬೆಳಿಗ್ಗೆ ಹೇಳಿದರು. ಭುಜದ ಕೆಳಗೆ ದಿಂಬಿಟ್ಟು, ತಲೆ ಹಿಂದಕ್ಕೆ ಬಾಗಿಸಿ, ಗಂಟಲು ಮೇಲೆ ಬರುವಂತೆ ಮಲಗಿಸುತ್ತಾರಂತೆ. ಕದಲದಂತೆ ಒಬ್ಬರು ಹಣೆಯನ್ನು ಹಿಡಿದುಕೊಳ್ಳುತ್ತಾರಂತೆ. ಕೇಳುತ್ತಿದ್ದ ಹಾಗೆ ವಾಂತಿ ಮಾಡಿಕೊಂಡೆ. ನರ್ಸ್ ಬಟ್ಟೆ ಬದಲಾಯಿಸಿದಳು.

ನಿಮ್ಮ ಆಸ್ಪತ್ರೆಯವರಿಗೆ ಮೊದಲೇ ಹೇಳಿಡು. ಸೂಜಿ ಎಷ್ಟು ದಪ್ಪವಾದರೂ ಇರಲಿ, ಎಷ್ಟು ಬಿಸಿಯಾದರೂ ಇರಲಿ. ನನ್ನ ತಲೆಯನ್ನು ಮಾತ್ರ ಯಾರೂ ಹಿಡಿಯಬಾರದು. ಕತ್ತನ್ನು ನಾನೇ ಹಿಂದಕ್ಕೆ ಚಾಚುತ್ತೇನೆ, ನಾನೇ ಕದಲದೆ ಇರುತ್ತೇನೆ.

ಬೊನಾರಿಯಾ